ಸಾಬಮ್ಮನ ಹಗ್ಗ

ಸಾಬಮ್ಮನ ಬಲಗೈ ಸುಮ್ಮನಿದ್ದುದನ್ನು ನಾನು ಒಮ್ಮೆಯೂ ಕಂಡಿಲ್ಲ. ಮೊಣಕೈಯನ್ನು ಮಂಡಿಗೆ ಊರಿ, ಮುಷ್ಟಿಯನ್ನು ಸಡಿಲವಾಗಿ ಮಡಿಚಿ, ಮುಂದಕ್ಕೆ ಬಿಟ್ಟು ಹಿಂದಕ್ಕೆ ಎಳೆಯುವ ಆ ಮಂದಗತಿಯ ಚಲನೆ ಆಕೆ ಮಾತನಾಡುವಾಗಲೂ ನಡೆಯುತ್ತಿತ್ತು, ಚಹಾ ಕುಡಿಯುವಾಗಲೂ ನಡೆಯುತ್ತಿತ್ತು, ಕೂತಲ್ಲೇ ತೂಕಡಿಸುವಾಗಲೂ ನಿಲ್ಲುತ್ತಿರಲಿಲ್ಲ. ಬಲಗೈಗೆ ಬಿಡುವಿಲ್ಲವಾದ್ದರಿಂದ ಎಡಗೈಯಲ್ಲೇ ರೊಟ್ಟಿ ಮುರಿದು ಉಣ್ಣುತ್ತಿದ್ದಳು. ಎಡಗೈಯಲ್ಲಿ ಉಣ್ಣುವವರನ್ನು ಕಂಡರೆ ಮುಖ ಸಿಂಡರಿಸುವ ಜನ ನಮ್ಮ ಕಡೆ ಹೆಚ್ಚು. ನಾನೂ ಆ ಪೈಕಿಯವನೇ. ಮೊದಲ ದಿನ ಒಂದು ಸಭೆಯ ನಡುವಿನ ಊಟದ ಹೊತ್ತಿನಲ್ಲಿ ಆಕೆಯ ಎದುರು ಕೂತವನು ಕಣ್ಣು ಬೇರೆ ಕಡೆ ಹೊರಳಿಸಿದೆ. ಆಕೆ ನನ್ನತ್ತ ನೋಡದೆಯೇ ಹೇಳಿದಳು: "ಆ ಕೈ ಕೆಲಸದಾಗ ಐತ್ರಿ ಮಾಸ್ತರ್ರ." ನೋಡಿದರೆ ಆ ಕೈಯಲ್ಲಿ ಏನೂ ಇರಲಿಲ್ಲ.

ಹೈದರಾಬಾದಿನ ಪಶ್ಚಿಮದ ಅಂಚಿಗೆ ಕೋನಂಪೇಟ ಎಂಬ ಸಣ್ಣ ಊರು. ಒಂದು ಕಾಲಕ್ಕೆ ದನದ ಸಂತೆಗೆ ಹೆಸರಾಗಿದ್ದ ಆ ಊರನ್ನು ನಗರ ಸದ್ದಿಲ್ಲದೆ ಬಂದು ತಬ್ಬಿಕೊಂಡಿತ್ತು. ಕಂಪ್ಯೂಟರಿನ ಕಾಲ ಬಂದದ್ದೇ ತಡ, ಬಂಡೆಗಳನ್ನು ಸಿಡಿಸಿದ ಜಾಗದಲ್ಲೆಲ್ಲ ಗಾಜಿನ ಸೌಧಗಳು ಎದ್ದವು; ಅವುಗಳನ್ನು ಎಬ್ಬಿಸಲು ಯಾದಗಿರಿ, ರಾಯಚೂರು ಕಡೆಯ ಜನ ಪ್ಯಾಸೆಂಜರ್ ಗಾಡಿಯಲ್ಲಿ ಗಂಟುಮೂಟೆ ಸಮೇತ ಬಂದಿಳಿದರು. ಇಳಿದವರಿಗೆ ನಿಲ್ದಾಣದ ಮುಂದಿನ ಬಯಲೇ ಮೊದಲ ನೆಲೆ. ಆ ಬಯಲಿನ ನಡುವೆ ಒಂದು ಹಳೆಯ ಬೇವಿನ ಮರ, ಅದರ ಅಡ್ಡ ಕೊಂಬೆಗೆ ಸಾಲಾಗಿ ಕಟ್ಟಿದ ಸೀರೆಯ ಜೋಲಿಗಳು, ಎಲ್ಲ ಜೋಲಿಗಳನ್ನೂ ಪೋಣಿಸಿಕೊಂಡು ಬಂದ ಒಂದೇ ಒಂದು ಹಗ್ಗ, ಆ ಹಗ್ಗದ ತುದಿಯಲ್ಲಿ ಸಾಬಮ್ಮ. ಬೆಳಿಗ್ಗೆ ಗಾರೆ ಕೆಲಸಕ್ಕೆ ಹೋಗುವ ತಾಯಂದಿರು ಕೂಸುಗಳನ್ನು ಅಲ್ಲಿ ಮಲಗಿಸಿ ಹೋಗುವರು; ಸಂಜೆ ಸಿಮೆಂಟಿನ ಮೈಯಲ್ಲೇ ಬಂದು ಎತ್ತಿಕೊಳ್ಳುವರು. ಅವರ ಪಾಲಿಗೆ ಆಕೆ ಆಯಿ. ಜೋಲಿಗಳಿಗೆ ಬೆನ್ನು ಮಾಡಿ ಕೂರುವುದು ಆಯಿಯ ರೂಢಿ. ಯಾವ ಕೂಸು ಎದ್ದಿತು, ಯಾವುದು ಮಗ್ಗುಲಾಯಿತು ಎಂಬುದೆಲ್ಲ ಹಗ್ಗದ ಮೂಲಕವೇ ಕೈಗೆ ತಿಳಿಯುತ್ತಿತ್ತು. ನೈಲಾನ್ ಹಗ್ಗ ಕೊಡಿಸಲು ಬಂದವರನ್ನು ಬೈದು ಕಳಿಸಿ, ಬೇಗಂ ಬಜಾರಿನಿಂದ ಸೆಣಬಿನ ಹಗ್ಗವನ್ನೇ ತರಿಸಿಕೊಳ್ಳುತ್ತಿದ್ದಳು. ನೈಲಾನ್ ಹಗ್ಗಕ್ಕೆ ಕಿವಿಯಿಲ್ಲವೆಂಬುದು ಆಕೆಯ ದೂರು.

ಕಾಚಿಗೂಡದಲ್ಲಿ ನಿವೃತ್ತ ಜೀವನ ನಡೆಸುತ್ತ, ಬೆಳಗಿನ ಪೇಪರಿನ ತಪ್ಪುಗಳನ್ನು ಹೆಕ್ಕಿ ಸಂತೋಷಪಡುತ್ತಿದ್ದ ನನ್ನಂಥ ಕನ್ನಡ ಮೇಷ್ಟರಿಗೂ ಆ ಬಯಲಿಗೂ ಗಂಟು ಬಿದ್ದದ್ದು ಮನೋಜನಿಂದ. ಮನೋಜ ಮೈಸೂರಿನ ಹುಡುಗ, ಸಾಫ್ಟ್‌ವೇರ್ ನೌಕರ. ಕೋನಂಪೇಟ ನಿಲ್ದಾಣದ ಮುಂಭಾಗವನ್ನು ಚೆಂದಗೊಳಿಸುವ ಯೋಜನೆಯೊಂದು ಆಗ ಬಂದಿತ್ತು, ಸ್ಥಳೀಯರ ಅಭಿಪ್ರಾಯ ಕೇಳಿಯೇ ಎಲ್ಲವನ್ನೂ ಮಾಡಬೇಕೆಂಬ ಕಟ್ಟಳೆಯ ಜೊತೆಗೆ. ಶನಿವಾರ ಭಾನುವಾರ ಆ ಕೆಲಸಕ್ಕೆ ಪುಕ್ಕಟೆ ದುಡಿಯಲು ಹೊರಟ ಉತ್ಸಾಹಿಗಳಲ್ಲಿ ಇವನೂ ಒಬ್ಬ. ಕನ್ನಡದ ಕೂಲಿಕಾರರನ್ನು ಮಾತನಾಡಿಸುವ ಹೊಣೆ ಹೊತ್ತುಕೊಂಡು ಹೋದವನು ಮೊದಲ ದಿನವೇ ಸೋತು ಬಂದ. "ಸಾರ್, ಅವ್ರು ಮಾತಾಡೋದು ಕನ್ನಡಾನೇ. ಆದ್ರೆ ನಂಗೆ ಅರ್ಥ ಆಗ್ತಿಲ್ಲ," ಎಂದು ಆತ ತಲೆ ಕೆರೆದುಕೊಂಡಾಗ ನನಗೆ ಒಳಗೊಳಗೇ ಖುಷಿಯಾಯಿತು. ಕಲಬುರಗಿಯ ನೀರು ಕುಡಿದವನಿಗೆ ಇಳಿವಯಸ್ಸಿನಲ್ಲಿ ಇಂಥ ಮರ್ಯಾದೆ ಸಿಗುವುದು ಅಪರೂಪ. ಹೀಗೆ ನಾನು ದುಭಾಷಿಯಾದೆ.

ಯೋಜನೆಯ ನಕ್ಷೆ ಬರೆಯುತ್ತಿದ್ದವಳು ಬೆಂಗಳೂರಿನ ಮಧುರಾ ಎಂಬ ತರುಣಿ. ಒಳ್ಳೆಯ ಹುಡುಗಿ, ಕೇಳಿದ್ದನ್ನು ಪೂರ್ತಿ ಕೇಳುವ ತಾಳ್ಮೆ ಉಳ್ಳವಳು. ನಕ್ಷೆಯಲ್ಲಿ ಬೇವಿನ ಮರದ ಜಾಗಕ್ಕೆ ಸರಿಯಾಗಿ ಕ್ಯಾಬುಗಳು ನಿಲ್ಲುವ ತಂಗುದಾಣ ಬಂದಿತ್ತು. ಹಾಗೆ ಗೆರೆ ಎಳೆಯಬೇಕೆಂದು ಮೇಲಿನಿಂದ ಹೇಳಿಕೆ ಇತ್ತಂತೆ. ಮರ ಹೋದರೆ ಕೂಸುಗಳೆಲ್ಲಿಗೆ ಹೋಗಬೇಕು? ತಾಯಂದಿರ ಬೆನ್ನೇರಿ ಮತ್ತೆ ಕಟ್ಟಡಗಳ ಮೇಲೆ. ಸಾಬಮ್ಮನಿಗೆ ಇದ್ದ ಭಯ ಅದೊಂದೇ, ಮತ್ತು ಆ ಭಯಕ್ಕೆ ಕಾರಣವಿತ್ತು.

ಆಕೆಯೂ ಒಂದು ಕಾಲಕ್ಕೆ ಗಾರೆ ಹೊತ್ತವಳು. ಲಿಂಗಸುಗೂರಿನ ಕಡೆಯ ಹಳ್ಳಿಯಿಂದ ಗಂಡನೊಡನೆ ಬಂದು, ಹತ್ತು ತಿಂಗಳ ಮಗನನ್ನು ಹೊಸ ಕಟ್ಟಡದ ಮಾಳಿಗೆಯ ಮೇಲೆ, ಇಟ್ಟಿಗೆ ರಾಶಿಯ ಮರೆಯಲ್ಲಿ ಮಲಗಿಸಿ ಬುಟ್ಟಿ ಹೊರುತ್ತಿದ್ದಾಗ ಕೂಸು ಎದ್ದಿತು. ಅಳಲಿಲ್ಲ. ಅವ್ವನನ್ನು ಹುಡುಕಿಕೊಂಡು ಅಂಬೆಗಾಲಿಟ್ಟು ಅಂಚಿನವರೆಗೆ ಬಂತು. ಇದಿಷ್ಟನ್ನು ಆಕೆ ನನಗೆ ಒಮ್ಮೆ ಹೇಳಿದಳು. ಅಂಚಿನ ಆಚೆಯದನ್ನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಗಂಡ ಊರಿಗೆ ಮರಳಿದ. ಆಕೆ ಮಾತ್ರ ನಿಲ್ದಾಣದ ಮುಂದೆ ಕೂತು, ಗಾಡಿಯಿಳಿದು ಬರುವ ಹೆಂಗಸರಿಗೆಲ್ಲ "ಕೂಸಿನ್ನ ಮ್ಯಾಲ ಒಯ್ಯಬ್ಯಾಡ್ರೆವ್ವಾ, ನನ್ನ ಕಡೆ ಬಿಡ್ರಿ" ಎನ್ನತೊಡಗಿದಳು. ಊರಿನಿಂದ ಆಕೆ ತಂದುಕೊಂಡಿದ್ದ ಒಂದೇ ಆಸ್ತಿ ಒಂದು ಗುಂಡಕಲ್ಲು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲೇರುವುದು ಗುಂಡಕಲ್ಲೇ ಅಲ್ಲವೇ? ಎಣ್ಣೆ ಹಚ್ಚಿ, ಕುಂಚಿಗೆ ತೊಡಿಸಿ, ಕಲ್ಲನ್ನು ತೂಗಿದ ಮೇಲೆ ಕೂಸನ್ನು ಮಲಗಿಸುತ್ತಾರೆ, ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆಕೆಯ ಮಗನಿಗಿಂತ ಮೊದಲು ತೊಟ್ಟಿಲಿಗೆ ಬಂದ ಆ ಕಲ್ಲು ಮಗ ಹೋದ ಮೇಲೂ ಉಳಿದಿತ್ತು. ತನ್ನ ಕೈಗೆ ಅತಿ ಹತ್ತಿರದ ಜೋಲಿಯಲ್ಲಿ, ಬಣ್ಣಗೆಟ್ಟ ಕುಂಚಿಗೆಯೊಳಗೆ ಅದನ್ನು ಮಲಗಿಸಿ ಉಳಿದ ಕೂಸುಗಳ ಜೊತೆಗೇ ತೂಗುತ್ತಿದ್ದಳು. ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿ. ಖಾಲಿ ತೊಟ್ಟಿಲು ತೂಗಿದರೆ ಅದರಲ್ಲಿ ಮಲಗಲು ಏನೋ ಬರುತ್ತದೆ ಎಂದು ನನ್ನ ಅಜ್ಜಿಯೂ ಹೆದರಿಸುತ್ತಿದ್ದಳು.

ಮೊದಲ ಸಭೆ ಊರಿನ ಶಾಲೆಯೊಂದರ ಕೋಣೆಯಲ್ಲಿ ನಡೆಯಿತು. ಜನ ತಮ್ಮ ಬೇಡಿಕೆಗಳನ್ನು ಬಣ್ಣದ ಚೀಟಿಗಳಲ್ಲಿ ಬರೆದು, ಗೋಡೆಗುಂಟ ಕಟ್ಟಿದ ದಾರಕ್ಕೆ ತೂಗುಹಾಕಬೇಕು. ಕ್ಯಾಬು ಬೇಕು, ಕಾಫಿ ಅಂಗಡಿ ಬೇಕು, ದೀಪ ಬೇಕು, ಎಟಿಎಂ ಬೇಕು. ತೋರಣದಂತೆ ಚೀಟಿಗಳು ತುಂಬಿದವು. ಕೂಲಿ ಹೆಂಗಸರು ಆ ಹೊತ್ತಿಗೆ ಕೆಲಸದಲ್ಲಿದ್ದರು. ಅಭಿಪ್ರಾಯ ಕೇಳುವವರಿಗೆ ಅದು ಹೊಳೆದಿರಲಿಲ್ಲ. ಹಗ್ಗವನ್ನು ಒಬ್ಬ ಬಾಣಂತಿಯ ಕೈಗೆ ಕೊಟ್ಟು ಬಂದಿದ್ದ ಸಾಬಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕರೆಂಟು ಹೋಯಿತು. ಫ್ಯಾನು ನಿಂತು, ಸೆಕೆಯಲ್ಲಿ ಎಲ್ಲರೂ ಬೆವರುತ್ತಿರುವಾಗ ನನ್ನ ಕಣ್ಣು ಆ ದಾರದ ಮೇಲೆ ಬಿತ್ತು. ಚೀಟಿಗಳೆಲ್ಲ ಒಟ್ಟಿಗೆ ಮುಂದೆ ಬರುತ್ತಿದ್ದವು, ಒಟ್ಟಿಗೆ ಹಿಂದೆ ಹೋಗುತ್ತಿದ್ದವು. ಗಾಳಿಗೆ ಅಲುಗುವ ಕಾಗದ ಹಾಗೆ ಶಿಸ್ತಾಗಿ ಅಲುಗುವುದಿಲ್ಲ. ನಾನು ಸಾಬಮ್ಮನ ಕೈ ನೋಡಿದೆ, ದಾರ ನೋಡಿದೆ, ಮತ್ತೆ ಕೈ ನೋಡಿದೆ. ಮಧುರಾಳೂ ನೋಡುತ್ತಿದ್ದಳು. ಆಕೆಯ ಕೊರಳಿನ ಗುರುತಿನ ಚೀಟಿ ಅದೇ ಲಯದಲ್ಲಿ ಎದೆಗೆ ಬಡಿಯುತ್ತಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ಒಂದು ಕ್ಷಣದ ಬಳಿಕ ಬೆಚ್ಚಿ ಬಿಟ್ಟುಬಿಟ್ಟಳು. "ಎಳೀತಿದೆ ಸಾರ್," ಎಂದಳು ಮೆಲ್ಲಗೆ. ನಾನು ವಿಚಾರವಾದಿಯೆಂದು ಹೆಸರು ಮಾಡಿದವನು. ಹಳೆಯ ಕಟ್ಟಡ, ಪಕ್ಕದಲ್ಲೇ ಗೂಡ್ಸ್ ಗಾಡಿ ಹೋಗುತ್ತಿರಬೇಕು ಎಂದೆ. ಗಾಡಿಯ ಸದ್ದು ಮಾತ್ರ ಇರಲಿಲ್ಲ.

ಸಾಬಮ್ಮನ ಅಭಿಪ್ರಾಯ ಏನೆಂದು ಕೇಳಿದರು. "ಗಿಡ ಬಿಡ್ರಿ ಅಂತ ಹೇಳ್ರಿ. ಅಷ್ಟಽ," ಎಂದಳು. ಆಕೆಯ ಕಡೆ ಮರಕ್ಕೂ ಗಿಡವೆಂದೇ ಹೆಸರು. ನಾನು ಅದನ್ನು ಇಂಗ್ಲಿಷಿಗೂ ಹಿಂದಿಗೂ ತಿರುಗಿಸಿ, ಆದಷ್ಟು ಅಲಂಕಾರ ಸೇರಿಸಿ ಹೇಳಿದೆ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಸಜ್ಜನಿಕೆಯಿಂದ ತಲೆಯಾಡಿಸಿದರು.

ಎರಡನೆಯ ಸಂಗತಿ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಹೊಸ ವಿನ್ಯಾಸ ಹೇಗೆ ಕಾಣುತ್ತದೆಂದು ಜನರಿಗೆ ತೋರಿಸಲು ಬಯಲನ್ನು ಒಂದು ದಿನದ ಮಟ್ಟಿಗೆ ಅಲಂಕರಿಸಿ ನೋಡುವ ಏರ್ಪಾಡು. ಐಟಿ ಕಂಪನಿಗಳ ಹುಡುಗ ಹುಡುಗಿಯರು ಕೈಗವಸು ತೊಟ್ಟು ಬಂದು ಗುಡಿಸಿದರು, ನೆಲಕ್ಕೆ ಬಣ್ಣ ಬಳಿದರು, ಹೂವಿನ ಕುಂಡಗಳನ್ನು ಜೋಡಿಸಿದರು. ಭಾನುವಾರವೂ ಕೂಲಿಗೆ ರಜೆಯಿಲ್ಲ, ಜೋಲಿಗಳು ಎಂದಿನಂತೆ ತೂಗುತ್ತಿದ್ದವು. ಸಾಬಮ್ಮ ನಲ್ಲಿಯತ್ತ ಹೋದ ಸ್ವಲ್ಪ ಹೊತ್ತು ಹಗ್ಗ ಅಂದು ಕೆಲಸಕ್ಕೆ ಹೋಗದೆ ಉಳಿದಿದ್ದ ಸುಮಂಗಲಾ ಎಂಬ ತಾಯಿಯ ಕೈಯಲ್ಲಿತ್ತು. ಅವಳು ಕೊನೆಯ ಜೋಲಿಯಲ್ಲಿ ಅಳುತ್ತಿದ್ದ ತನ್ನ ಮಗಳ ಕಡೆ ಮುಖ ಮಾಡಿದ್ದಳು. ಆಗ ಮನೋಜ ಮೊದಲ ಜೋಲಿಯೊಳಗೆ ಇಣುಕಿದ. ಕೊಳೆಯಾದ ಕುಂಚಿಗೆ, ಒಳಗೊಂದು ಕಲ್ಲು. ಇವನ ನಾಮಕರಣದಲ್ಲೂ ಅಜ್ಜಿ ಗುಂಡಕಲ್ಲನ್ನು ತೂಗಿಸಿದ್ದಳಂತೆ, ಮನೆಯಲ್ಲಿ ಫೋಟೋ ಇದೆಯಂತೆ. ಆದರೆ ಆಲ್ಬಮ್ಮಿನ ಕಲ್ಲು ಬೇರೆ, ರೈಲು ನಿಲ್ದಾಣದ ಕಲ್ಲು ಬೇರೆ. ಕುಂಚಿಗೆಯನ್ನು ಕಸದ ಚೀಲಕ್ಕೆ ಹಾಕಿ, ಕಲ್ಲನ್ನು ಗಾಳಿಗೆ ಹಾರುತ್ತಿದ್ದ ಬ್ಯಾನರಿನ ಮೂಲೆಗೆ ಭಾರವಾಗಿ ಇಟ್ಟ. ಜೋಲಿಯ ಸೀರೆಯನ್ನು ಕೊಡವಿ, ಸುಕ್ಕು ತೆಗೆದು, ಮೊದಲಿನಂತೆಯೇ ಅಚ್ಚುಕಟ್ಟಾಗಿ ಬಿಟ್ಟ. ಪಾಪ, ಉಪಕಾರ ಮಾಡಿದೆನೆಂದೇ ಅವನ ಭಾವನೆ.

ಸಾಬಮ್ಮ ಬಂದು, ರೂಢಿಯಂತೆ ಬೆನ್ನು ಮಾಡಿ ಕೂತು ಹಗ್ಗ ಹಿಡಿದಳು. ಬಿಸಿಲೇರುವವರೆಗೂ ತೂಗಿದಳು. ಬ್ಯಾನರಿನ ಮೂಲೆಯಲ್ಲಿದ್ದ ಕಲ್ಲನ್ನು ಮೊದಲು ಗುರುತಿಸಿದವಳು ಸುಮಂಗಲಾ. ಅವಳು ಕಿರುಚಿದ ದನಿಗೆ ಬಯಲಿನಲ್ಲಿದ್ದವರೆಲ್ಲ ತಿರುಗಿದರು. "ಆಯೀ, ಬರೇ ಜೋಲಿ ತೂಗಿಬಿಟ್ಟೀಯಲ್ಲಬೇ! ಬಿಡು, ಹಗ್ಗ ಬಿಡು!" ನಾನು ಓಡಿಹೋಗಿ ಕಲ್ಲನ್ನು ಎತ್ತಿಕೊಂಡು ಬಂದೆ. ವಿಷಯ ತಿಳಿದು ಮನೋಜನ ಮುಖ ಬಿಳಿಚಿಕೊಂಡಿತು.

ಸಾಬಮ್ಮ ಮಾತ್ರ ಅಲುಗಲಿಲ್ಲ. ಕೈ ಅದೇ ಗತಿಯಲ್ಲಿ ನಡೆದಿತ್ತು. "ಖಾಲಿ ಎಲ್ಲೈತೆವ್ವಾ?" ಎಂದಳು. "ಕೈಗೆ ಭಾರ ಬರಾಕತ್ತೈತಿ. ಮಾಸ್ತರ್ರ, ನೀವಽ ನೋಡ್ರಿ."

ನಾನು ಜೋಲಿಯ ಹತ್ತಿರ ಹೋದೆ. ಖಾಲಿ ಸೀರೆ ಕಟ್ಟಿದರೆ ಅದು ಬಾಡಿದ ಬಳ್ಳಿಯಂತೆ ನೇರ ಜೋತುಬೀಳಬೇಕು. ಇದು ಹಾಗಿರಲಿಲ್ಲ. ನಡುವಿನಲ್ಲಿ ತುಂಬಿಕೊಂಡು, ಕೆಳಗೆ ಬಾಗಿ, ಮೇಲಿನ ಗಂಟು ಬಿಗಿದು ನಿಂತಿತ್ತು. ಒಳಗೆ ನೋಡಿದೆ, ಬಟ್ಟೆಯ ಹೊರತು ಏನೂ ಇಲ್ಲ. ಧೈರ್ಯ ಮಾಡಿ ಕೈ ಇಳಿಸಿದೆ. ತಳದ ಬಟ್ಟೆ ಬೆಚ್ಚಗಿತ್ತು. ನಿದ್ದೆಯಿಂದ ಕೂಸನ್ನು ಎತ್ತಿಕೊಂಡ ಕೂಡಲೇ ಹಾಸಿಗೆ ಹೇಗಿರುತ್ತದೋ ಹಾಗೆ, ಸ್ವಲ್ಪ ತೇವವಾಗಿ ಬೆಚ್ಚಗಿತ್ತು. ಬೇವಿನ ನೆರಳು ದಟ್ಟವಾಗಿದ್ದುದರಿಂದ ಬಿಸಿಲಿನ ಮೇಲೆ ಹೊಣೆ ಹೊರಿಸುವಂತೆಯೂ ಇರಲಿಲ್ಲ. ಅಂದು ನಾನು ಹೆದರಿದೆ. ಅದನ್ನು ಬೇರೆ ಮಾತಿನಲ್ಲಿ ಹೇಳಲು ಹೋಗುವುದಿಲ್ಲ.

ಕಲ್ಲನ್ನು ಮರಳಿ ಇಡಲು ಹೋದಾಗ ಸಾಬಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. "ಇನ್ನ ಕಲ್ಲು ಬ್ಯಾಡ್ರಿ. ಮಲಕ್ಕೊಂಡದ ಅದು. ಚುಚ್ಚತೈತಿ." ಆಮೇಲೆ ಯಾರಿಗೆಂದಿಲ್ಲದೆ ಹೇಳಿದಳು: "ನಿದ್ದಿ ಬರಲಿ ಅಂತ ತೂಗೂದಲ್ರಿ ನಾ. ಏಳಬಾರದು ಅಂತ. ಎದ್ದ್ರ ನನ್ನ ಹುಡುಕ್ಕೊಂತ ಮತ್ತ ಮ್ಯಾಲ ಹೋಗತೈತಿ."

ಕಲ್ಲನ್ನು ಮನೋಜ ಕೇಳಿ ಪಡೆದುಕೊಂಡ. ಕಸದ ಚೀಲದಿಂದ ಕುಂಚಿಗೆಯನ್ನು ಹುಡುಕಿ ತೆಗೆದು, ತಾನೇ ಒಗೆದು, ಕಲ್ಲಿಗೆ ಸುತ್ತಿ, ತನ್ನ ಕೋಣೆಯ ಕಪಾಟಿನಲ್ಲಿ ಇಟ್ಟುಕೊಂಡನಂತೆ. ಅಂದಿನಿಂದ ಅವನಿಗೆ ರಾಯಚೂರಿನ ಕನ್ನಡ ಚೆನ್ನಾಗಿಯೇ ಅರ್ಥವಾಗತೊಡಗಿತು.

ಮಧುರಾ ಮರವನ್ನು ಉಳಿಸಲು ಹೋರಾಡಿದಳು. ರಸ್ತೆಯನ್ನು ಬಳಸಿ ಒಯ್ಯುವಂತೆ ನಕ್ಷೆಯನ್ನು ತಿದ್ದಿದಳು. ತಿದ್ದಿದ್ದನ್ನು ಮೇಲಿನವರು ಮತ್ತೆ ಸರಿಪಡಿಸಿದರು. ಚೀಟಿಗಳಲ್ಲಿ ಕ್ಯಾಬು ಕೇಳಿದವರೇ ಬಹುಮತ, ಜನಾಭಿಪ್ರಾಯವನ್ನು ಮೀರಲಾಗದು ಎಂದರು. ಕೂಸುಗಳಿಗೆಂದು ಹೊಸ ಕಟ್ಟಡದಲ್ಲಿ ಒಂದು ಕೋಣೆ ಕೊಡುವುದಾಗಿ ಉದಾರವಾಗಿ ಒಪ್ಪಿದರು, ವಿಳಾಸದ ದಾಖಲೆ ತೋರಿಸಿದ ತಾಯಂದಿರಿಗೆ ಮಾತ್ರ. ವಿಳಾಸವಿದ್ದಿದ್ದರೆ ಅವರು ಮರಕ್ಕೆ ತೊಟ್ಟಿಲು ಕಟ್ಟುತ್ತಿದ್ದರೇ? ನಾನು ಕೂಗಾಡಿದೆ. ದುಭಾಷಿಯ ಕೂಗಾಟವನ್ನು ಯಾರೂ ಅನುವಾದ ಮಾಡುವುದಿಲ್ಲ.

ಕಡಿಯುವ ದಿನ ಬಂತು. ಹೆಂಗಸರು ಅಳುತ್ತಲೇ ತಮ್ಮ ತಮ್ಮ ಜೋಲಿಗಳನ್ನು ಬಿಚ್ಚಿ, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತರು. ಕೊಂಬೆಯಲ್ಲಿ ಒಂದೇ ಒಂದು ಜೋಲಿ ಉಳಿಯಿತು, ಅದರ ಹಗ್ಗದ ತುದಿಯಲ್ಲಿ ಸಾಬಮ್ಮ. ಗರಗಸ ಹಿಡಿದು ಬಂದ ಆಳುಗಳಲ್ಲಿ ಪರಮೇಶನೆಂಬ ಯಾದಗಿರಿಯ ತರುಣನಿದ್ದ. ಇದೇ ಮರದ ಜೋಲಿಯಲ್ಲಿ ಮಲಗಿ ಬೆಳೆದವನು. "ಆಯಿ, ತಪ್ಪು ತಿಳೀಬ್ಯಾಡ. ಹೊಟ್ಟಿ ಪಾಡು," ಎಂದು ಆಕೆಯ ಕಾಲು ಮುಟ್ಟಿ, ಜೋಲಿಯ ಗಂಟಿಗೆ ಕೈ ಹಾಕಿದ. ಹಾಕಿದ ಕೈ ಹಾಗೇ ನಿಂತಿತು.

"ಇದರಾಗ ಕೂಸು ಮಲಗೈತ್ರಿ," ಎಂದ.

ಮೇಸ್ತ್ರಿ ತೆಲುಗಿನಲ್ಲಿ ಬೈಯುತ್ತ ಬಂದು ಒಳಗೆ ಇಣುಕಿದ. ಏನೂ ಇಲ್ಲವಲ್ಲೋ ಎಂದ. ಎಂದವನು ಬಿಚ್ಚಬೇಕಿತ್ತು; ಆದರೆ ಕೈ ಚಾಚಿ, ಬಟ್ಟೆಗೆ ಬೆರಳು ತಗುಲಿದೊಡನೆ ಹಿಂದೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಇನ್ನೊಬ್ಬ ಬಂದ, ಅವನೂ ಅಷ್ಟೇ. ಕೊನೆಗೆ ಆ ಅಧಿಕಾರಿಯೇ ಕಾರಿನಲ್ಲಿ ಬಂದರು. ಮೂಢನಂಬಿಕೆಯ ಮೇಲೆ ನಾಲ್ಕು ಮಾತಾಡಿ, ದಾಪುಗಾಲು ಹಾಕಿ ಜೋಲಿಯ ಬಳಿಗೆ ಹೋಗಿ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ನೆಟ್ಟಗಾಗಲಿಲ್ಲ. ಬಯಲಿನಲ್ಲಿ ಹಗ್ಗದ ಕಿರುಗುಟ್ಟುವಿಕೆಯ ಹೊರತು ಸದ್ದಿರಲಿಲ್ಲ. ಅವರು ತಿರುಗಿ ನನ್ನನ್ನು ಕೇಳಿದಾಗ ಅವರ ದನಿ, ಮನೆಯಲ್ಲಿ ಯಾರೋ ಮಲಗಿರುವಾಗ ನಾವೆಲ್ಲ ತಗ್ಗಿಸುತ್ತೇವಲ್ಲ, ಹಾಗೆ ತಗ್ಗಿತ್ತು.

"ಎಷ್ಟು ತಿಂಗಳಿನದು, ಕೇಳಿ."

ನಾನು ಕೇಳಿದೆ. "ಹತ್ತು ತಿಂಗಳ," ಎಂದಳು ಸಾಬಮ್ಮ. ನಾನು ಅನುವಾದಿಸಿದೆ. ಅವರು ತಲೆಯಾಡಿಸಿ, ತುದಿಗಾಲಲ್ಲಿ ನಡೆದು ಕಾರು ಹತ್ತಿದರು.

ತಾಂತ್ರಿಕ ಕಾರಣಗಳಿಂದ ಮರವನ್ನು ಉಳಿಸಿಕೊಳ್ಳಲಾಗಿದೆ ಎಂದು ಆಮೇಲೆ ಆದೇಶ ಬಂತು. ಉದ್ಘಾಟನೆಯ ಕಿರುಹೊತ್ತಗೆಯಲ್ಲಿ ಅದೇ ಮರದ ಚಿತ್ರದ ಕೆಳಗೆ 'ಸಮುದಾಯದ ಆಶಯದಂತೆ' ಎಂಬ ಸಾಲು ಮೆರೆಯಿತು. ನನಗೆ ನಗು ಬಂತು, ಆದರೆ ಜೋರಾಗಿ ನಗಲಿಲ್ಲ. ಇಂದಿಗೂ ಕೋನಂಪೇಟ ನಿಲ್ದಾಣದ ಮುಂದೆ ನುಣುಪಾದ ರಸ್ತೆ ಬೇವಿನ ಮರವನ್ನು ಬಳಸಿಕೊಂಡು ಹೋಗುತ್ತದೆ. ಕ್ಯಾಬಿನ ಚಾಲಕರು ಆ ತಿರುವಿನಲ್ಲಿ ಹಾರ್ನ್ ಹಾಕುವುದಿಲ್ಲ. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಜೋಲಿಗಳು ಮತ್ತೆ ಬಂದವು, ಮೊದಲಿಗಿಂತ ಹೆಚ್ಚಾಗಿಯೇ.

ಸಾಬಮ್ಮ ತೀರಿಕೊಂಡದ್ದು ಅದೇ ಮರದಡಿಯಲ್ಲಿ, ಒಂದು ಮಧ್ಯಾಹ್ನ, ಕೂತ ಭಂಗಿಯಲ್ಲೇ. ಸುಮಂಗಲಾ ಆ ದಿನ ಪಕ್ಕದಲ್ಲಿದ್ದಳು. "ಜೀವ ಮೊದಲ ಹೋತ್ರಿ ಮಾಸ್ತರ್ರ, ಕೈ ಇನ್ನಾ ನಡದಿತ್ತು. ನಿಲ್ಲೂ ಮೊದಲ ನಾ ಹಗ್ಗ ಹಿಡದೆ," ಎಂದಳು. ಹೇಳುವಾಗ ಅವಳ ಬಲಗೈ ಹಗ್ಗ ಎಳೆಯುತ್ತಲೇ ಇತ್ತು. ನಾನು ಮೊದಲ ಜೋಲಿಯ ಕಡೆ ನೋಡಿದೆ. ಅದು ಬಾಡಿದ ಬಳ್ಳಿಯಂತೆ ನೇರ ಜೋತುಬಿದ್ದಿತ್ತು.

"ಆಕಿ ಹೋದ ಮ್ಯಾಲ ಹಗುರ ಆತ್ರಿ," ಎಂದಳು ಸುಮಂಗಲಾ. "ಎದ್ದಿರಬೇಕು. ಏಳಲಿ ಬಿಡ್ರಿ. ಈಗ ಹುಡುಕಿದ್ರ ಅವ್ವ ಸಿಗ್ತಾಳ."

ಖಾಲಿ ಜೋಲಿಯನ್ನು ತೂಗುವಂತಿಲ್ಲ. ಮರುದಿನ ಮನೋಜ ಕಲ್ಲನ್ನು ತಂದ. ಎಣ್ಣೆ ಹಚ್ಚಿದ್ದ, ಕುಂಚಿಗೆ ತೊಡಿಸಿದ್ದ, ಕೂಸಿನ ತಲೆಗೆ ಆಸರೆ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದ. ಅದನ್ನು ಜೋಲಿಯಲ್ಲಿ ಇಳಿಸುವಾಗ ಅವನು ಅತ್ತ, ನಾನೂ ಅತ್ತೆ.

ಕೆಲವರಿಗೆ ದುಃಖವೆಂಬುದು ಕೂತು ಅಳುವ ಜಾಗ. ಇನ್ನು ಕೆಲವರು, ಬಹಳ ಕಡಿಮೆ ಜನ, ಅದಕ್ಕೆ ಹಗ್ಗ ಕಟ್ಟಿ ಕೆಲಸಕ್ಕೆ ಹಚ್ಚುತ್ತಾರೆ. ತಮ್ಮದೊಂದು ಕೂಸಿಗಾಗಿ ಶುರುವಾದ ಎಳೆತ ಊರ ಕೂಸುಗಳನ್ನೆಲ್ಲ ತೂಗುತ್ತದೆ, ಮತ್ತು ಅವರು ಹೋದ ಮೇಲೂ ಆ ಎಳೆತ ಇನ್ನೊಂದು ಕೈಯನ್ನು ಹುಡುಕಿಕೊಳ್ಳುತ್ತದೆ. ಇಂಥವರ ಅಭಿಪ್ರಾಯವನ್ನು ಯಾವ ಸಭೆಯೂ ಚೀಟಿಯಲ್ಲಿ ಬರೆಸಿಕೊಂಡಿಲ್ಲ. ಆದರೂ ಊರುಗಳು ಮುರಿಯದೆ ನಿಂತಿರುವ ಕಡೆ, ರಸ್ತೆ ಕಾರಣವಿಲ್ಲದೆ ಬಳಸಿಕೊಂಡು ಹೋಗುವ ಕಡೆ, ಅವರಲ್ಲೊಬ್ಬರು ಕೂತಿದ್ದರೆಂದೇ ನಾನು ತಿಳಿಯುತ್ತೇನೆ. ಅಂಥ ತಿರುವು ಬಂದಾಗ ನಾನೂ ಮಾತು ನಿಲ್ಲಿಸುತ್ತೇನೆ, ಯಾರೋ ಮಲಗಿರಬಹುದು ಎಂದು.